ಹನ್ನೊಂದು ಹೊಲಿಗೆ

ನನ್ನ ಗಂಡನ ಹಳೆಯ ಮೆಟ್ಟುಗಳನ್ನು ದಿಂಬಿನ ಮೇಲಿಟ್ಟು ಬಾವುಟದ ಮುಂದೆ ಮೆರವಣಿಗೆ ಮಾಡುತ್ತೇವೆ ಎಂದು ಅವನ ಶಿಷ್ಯ ಸೆವೆರಿನ್ ಫೋನ್ ಮಾಡಿ ಹೇಳಿದಾಗಲೇ ನನಗೆ ಪಿತ್ತ ನೆತ್ತಿಗೇರಿತ್ತು. ಬೇಡ ಎನ್ನಬೇಕಿತ್ತು. "ಆಗಲಪ್ಪ" ಎಂದೆ. ಮೂವತ್ತು ವರ್ಷದಿಂದ ಎಲ್ಲದಕ್ಕೂ ಆಗಲಿ ಎಂದೇ ಬಂದವಳು ನಾನು, ನಾಲಿಗೆಗೆ ಬೇರೆ ಮಾತೇ ಬರುವುದಿಲ್ಲ.

ಲೂಚ್ಯಾನ್ ತೀರಿಕೊಂಡಿದ್ದು ಫೆಬ್ರವರಿಯಲ್ಲಿ. ಊರಿಗೆ ಅವನು ಚಾವಣಿಗೆ ಹೆಂಚು ಹೊದಿಸುವ ಲೂಚ್ಯಾನ್. ಝಾರ್ನೊವಿಚೆ ಕೋಟೆಯ ಕೆಳಗೆ ಪ್ರತಿ ಜುಲೈನಲ್ಲಿ ಬಿಡಾರ ಹೂಡುವವರಿಗೆ ಮಾತ್ರ ಅವನು ಮೇಷ್ಟ್ರು. ಐದು ದಿನ ಆರುನೂರು ವರ್ಷ ಹಿಂದಕ್ಕೆ ಹೋಗಿ ಬದುಕುವ ಜನ ನಾವು. ಕೊನೆಯ ದಿನ ನದಿಯ ದಂಡೆಯಲ್ಲಿ ಕತ್ತಿ, ಭರ್ಜಿ ಹಿಡಿದು ಯುದ್ಧದ ಆಟ ಆಡುತ್ತೇವೆ. ಅದನ್ನು ನೋಡಲು ಬರುವ ಊರಿನವರು ಐಸ್‌ಕ್ರೀಂ ತಿನ್ನುತ್ತ ಬೇಲಿಯಾಚೆ ನಿಲ್ಲುತ್ತಾರೆ. ಬೇಲಿಯೊಳಗೆ ಗಡಿಯಾರ ಇಲ್ಲ, ಕನ್ನಡಕ ಇಲ್ಲ, ಆ ಕಾಲಕ್ಕೆ ನಮ್ಮ ಸೀಮೆಗೆ ಇನ್ನೂ ಬಾರದ ಆಲೂಗಡ್ಡೆಯೂ ಇಲ್ಲ. ನಮ್ಮ ಅಡುಗೆಯ ವಾಲೆಂತಿ ಒಂದು ವರ್ಷ ಹುಳಿಸಾರಿಗೆ ಎರಡು ಆಲೂಗಡ್ಡೆ ಕದ್ದು ಹಾಕಿ ಸಿಕ್ಕಿಬಿದ್ದ. ಅವನ ಹೆಸರೇ ಆಲೂಗಡ್ಡೆ ವಾಲೆಂತಿ ಎಂದಾಯಿತು.

ಪ್ರತಿಯೊಂದಕ್ಕೂ ಆಧಾರ ಬೇಕು. ಗೋರಿಯಲ್ಲಿ ಸಿಕ್ಕಿರಬೇಕು, ಇಲ್ಲವೇ ಹಳೆಯ ಚರ್ಚಿನ ಗೋಡೆಯ ಮೇಲೆ ಬರೆದಿರಬೇಕು, ಇಲ್ಲವೇ ಆ ಕಾಲದ ಪುಸ್ತಕದ ಚಿತ್ರದಲ್ಲಿರಬೇಕು. ಆಧಾರವಿಲ್ಲದ ಗುಂಡಿಯೂ ಒಳಗೆ ಹೋಗುವಂತಿಲ್ಲ. ಬಿಡಾರದ ಬಾಗಿಲಲ್ಲಿ ಲಿಂಡನ್ ಮರದ ಕೆಳಗೆ ಹಲಗೆ ಮೇಜು ಹಾಕಿಕೊಂಡು ಪರೀಕ್ಷಕ ಕೂತಿರುತ್ತಾನೆ. ಒಬ್ಬೊಬ್ಬರನ್ನೂ ತಲೆಯಿಂದ ಕಾಲಿನವರೆಗೆ ನೋಡುತ್ತಾನೆ, ಮಡಿಕೆ ಬಿಚ್ಚಿ ಹೊಲಿಗೆ ಎಣಿಸುತ್ತಾನೆ. ಸರಿಯಿದ್ದರೆ ಕೊರಳಿಗೆ ಸೀಸದ ಬಿಲ್ಲೆ, ಇಲ್ಲದಿದ್ದರೆ ಬಂದ ದಾರಿಗೆ ಸುಂಕವಿಲ್ಲ. ಇಪ್ಪತ್ತು ವರ್ಷ ಆ ಮೇಜಿನ ಹಿಂದೆ ಕೂತವನು ನನ್ನ ಗಂಡ. ಅವನ ಕಣ್ಣು ತಪ್ಪಿಸಿ ಒಂದು ಎಳೆ ದಾರವೂ ಒಳಗೆ ಹೋಗುತ್ತಿರಲಿಲ್ಲ ಎಂದು ಜನ ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಕೇಳಿದಾಗಲೆಲ್ಲ ನಾನು ಅಲ್ಲಿಂದ ಎದ್ದು ಹೋಗುತ್ತೇನೆ.

ಯಾಕೆಂದು ಹೇಳಬೇಕಾದರೆ ಆ ಮೆಟ್ಟಿನ ಕಥೆ ಹೇಳಬೇಕು.

ಇಪ್ಪತ್ತಾರು ವರ್ಷದ ಹಿಂದೆ ಕೋಟೆಯ ಕಂದಕ ಅಗೆಯುವಾಗ ಕೆಸರಿನಲ್ಲಿ ಹಳೆಯ ಕಾಲದ ಒಂದು ಮೆಟ್ಟು ಸಿಕ್ಕಿತು. ಲೂಚ್ಯಾನ್ ಅಗೆಯುವವರ ಹತ್ತಿರ ಹೋಗಿ ಅಳತೆ ತೆಗೆದುಕೊಂಡು ಬಂದ. ನಾನು ಆಗ ಕೈಗವಸು ಕಾರ್ಖಾನೆಯಲ್ಲಿದ್ದೆ, ಚರ್ಮದ ಕೆಲಸ ಬಲ್ಲವಳು. ಒಳಮುಖವಾಗಿ ಹೊಲಿದು, ನೀರಲ್ಲಿ ನೆನೆಸಿ, ಕಾಲುಚೀಲ ಮಗುಚಿದಂತೆ ಮಗುಚಿ, ಇಬ್ಬರೂ ಸೇರಿ ಅದರ ಪಡಿಯಚ್ಚು ಮಾಡಿದೆವು. ಕೆಸರಿನ ಮೆಟ್ಟಿಗೆ ಪಾದದ ಒಳಮಗ್ಗುಲಲ್ಲಿ ಸೀಳಿತ್ತು, ಸೀಳಿನ ಎರಡೂ ಕಡೆ ಮೂರು ಮೂರು ತೂತು, ಅದರೊಳಗೆ ಚರ್ಮದ ದಾರ ಪೋಣಿಸಿ ಬಿಗಿಯುವುದು. ನಮ್ಮದೂ ಹಾಗೇ ಇತ್ತು.

ಆದರೆ ಲೂಚ್ಯಾನ್ ಹಿಂದಿನ ವರ್ಷವಷ್ಟೇ ಚಾವಣಿಯಿಂದ ಬಿದ್ದು ಸೊಂಟದ ಕೀಲು ಹಾಳುಮಾಡಿಕೊಂಡಿದ್ದ. ಒಂದು ಕಾಲನ್ನು ಇನ್ನೊಂದು ಮಂಡಿಯ ಮೇಲೆ ಹಾಕಲು ಬರುತ್ತಿರಲಿಲ್ಲ, ಒಳಮಗ್ಗುಲ ದಾರ ಕೈಗೆ ಎಟುಕುತ್ತಿರಲಿಲ್ಲ. ಬಿಡಾರದಲ್ಲಿ ಎಲ್ಲರೆದುರು ಹೆಂಡತಿಯ ಕೈಯಲ್ಲಿ ದಾರ ಕಟ್ಟಿಸಿಕೊಳ್ಳಲು ನಾಚಿಕೆ. "ಈ ಒಂದು ವರ್ಷದ ಮಟ್ಟಿಗೆ ಹೊರಗಡೆಗೆ ಮಾಡ್ಕೊಡೇ" ಎಂದ. ಒಂದು ಶನಿವಾರ ಬೆಳಿಗ್ಗೆ ಒಲೆಯ ಮೇಲೆ ಸಾರಿಟ್ಟುಕೊಂಡು ನಾನು ಹಳೆಯ ಸೀಳಿನ ಅಂಚು ಒಳಕ್ಕೆ ಮಡಿಸಿ ಹೊಲಿದು ಮುಚ್ಚಿದೆ. ಕಾಲಿಗೆ ಒತ್ತದಿರಲಿ ಎಂದು ಒಳಗೊಂದು ಆಡಿನ ಚರ್ಮದ ಪಟ್ಟಿ ಅಂಟಿಸಿದೆ. ಹೊರಮಗ್ಗುಲಲ್ಲಿ ಹೊಸ ಸೀಳು ಕೊಯ್ದೆ. ಮುಚ್ಚಿದ್ದು ಹನ್ನೊಂದು ಹೊಲಿಗೆ. ಬಲಗಾಲಿನದರಲ್ಲಿ ನಾಲ್ಕನೆಯ ಹೊಲಿಗೆ ಓರೆಯಾಗಿದೆ, ಆ ಹೊತ್ತಿಗೆ ಸಾರು ಉಕ್ಕಿತು.

ಆ ಬೇಸಿಗೆ ವಸ್ತುಸಂಗ್ರಹಾಲಯದವರು ಬಂದು ಲೂಚ್ಯಾನನ ಕಾಲಿನ ಫೋಟೋ ತೆಗೆದರು. ಮುಂದಿನ ವರ್ಷ ಒಂದು ಕಿರುಪುಸ್ತಕ ಬಂತು. ಫೋಟೋದ ಕೆಳಗೆ ಅಚ್ಚಾಗಿತ್ತು: ಝಾರ್ನೊವಿಚೆ ಕಂದಕದ ಮೆಟ್ಟು, ಯಥಾವತ್ ಪ್ರತಿರೂಪ. ನಿಜವಾದದ್ದು ಪೆಟ್ಟಿಗೆ ಸೇರಿ ಉಗ್ರಾಣಕ್ಕೆ ಹೋಯಿತು, ಅದನ್ನು ಯಾರೂ ಮತ್ತೆ ತೆಗೆದು ನೋಡಲಿಲ್ಲ. ಪುಸ್ತಕ ನೋಡಿ ಒಬ್ಬ ಮಾಡಿಕೊಂಡ, ಅವನದ್ದು ನೋಡಿ ಹತ್ತು ಜನ ಮಾಡಿಕೊಂಡರು. ಹೊರಮಗ್ಗುಲ ದಾರಕ್ಕೆ ಝಾರ್ನೊವಿಚೆ ಕಟ್ಟು ಎಂದು ಹೆಸರೇ ಬಂತು. ನಾನು ಮುಚ್ಚಿದ ಗಾಯವನ್ನೂ ಅವರು ಬಿಡಲಿಲ್ಲ. ಯಾವ ಕೆಲಸಕ್ಕೂ ಬಾರದ ಆ ಹನ್ನೊಂದು ಹೊಲಿಗೆಯನ್ನು ಎಲ್ಲರೂ ಶ್ರದ್ಧೆಯಿಂದ ಹಾಕಿಕೊಂಡರು. ಕುದುರೆ ಸವಾರರು ಕಾಲೂರುವ ರಿಕಾಪು ಪಾದಕ್ಕೆ ಒತ್ತದಂತೆ ಬಲ ಕೊಡಲು ಈ ಹೊಲಿಗೆ ಎಂದು ಸೆವೆರಿನ್ ನಾಲ್ಕು ಪುಟದ ಲೇಖನ ಬರೆದ. ಅವನ ಬಲಗಾಲಿನ ಮೆಟ್ಟಿನಲ್ಲಿ ನಾಲ್ಕನೆಯ ಹೊಲಿಗೆ ಬೇಕೆಂದೇ ಓರೆ.

ಮೊದಮೊದಲು ನಾವಿಬ್ಬರೂ ಮನೆಯಲ್ಲಿ ಬಿದ್ದು ಬಿದ್ದು ನಕ್ಕೆವು. ಹೇಳಿಬಿಡೋಣ ಎಂದೆ. ಮುಂದಿನ ವರ್ಷ ಎಂದ. ಅಷ್ಟರಲ್ಲಿ ಅವನನ್ನು ಪರೀಕ್ಷಕನನ್ನಾಗಿ ಮಾಡಿದರು. ಅಲ್ಲಿಗೆ ನಗುವೂ ನಿಂತಿತು, ಮಾತೂ ನಿಂತಿತು. ಸುಳ್ಳಿನ ಮೆಟ್ಟು ಹಾಕಿಕೊಂಡು ಮೇಜಿನ ಹಿಂದೆ ಕೂತು ಅವನು ಇನ್ನೊಬ್ಬರ ಹೊಲಿಗೆಯಲ್ಲಿ ಹುಳುಕು ಹುಡುಕುತ್ತಿದ್ದ. ಒಳಗೆ ಹೆದರಿಕೆ ಹೆಚ್ಚಿದಷ್ಟೂ ಹೊರಗೆ ಬಿಗಿ ಹೆಚ್ಚಿತು.

ನಮ್ಮ ಮಗಳು ಇರ್ಮೀನಾಗೆ ಹದಿನೇಳಾದ ವರ್ಷ ಅವಳು ತಾನೇ ನೀಲಿ ಉಣ್ಣೆಯ ನಿಲುವಂಗಿ ಹೊಲಿದುಕೊಂಡಳು. ಚಳಿಗಾಲವಿಡೀ ಕೈಯಲ್ಲೇ ಹೊಲಿದಳು, ಬೆರಳ ತುದಿ ದಡ್ಡುಗಟ್ಟಿತ್ತು. ಬಿಡಾರಕ್ಕೆ ಹೊರಡುವ ಮಧ್ಯಾಹ್ನ ಕೆಳಗಿನ ಮಡಿಕೆ ಒಂದು ಮೊಳ ಬಾಕಿಯಿತ್ತು. ಬಸ್ಸು ತಪ್ಪುತ್ತದೆಂದು ನಾನೇ ಅವಳ ಕೈಯಿಂದ ಕಿತ್ತುಕೊಂಡು ಹೊಲಿಗೆ ಯಂತ್ರಕ್ಕೆ ಕೊಟ್ಟು ಅರೆನಿಮಿಷದಲ್ಲಿ ಮುಗಿಸಿದೆ. ಒಳಗಡೆ ಯಾರು ನೋಡುತ್ತಾರೆ ಎಂದೆ.

ಸೆವೆರಿನ್ ನೋಡಿದ. ಆಗ ಅವನಿಗೆ ಇಪ್ಪತ್ತು, ಮೇಷ್ಟ್ರ ಬಲಗೈ. ಮಡಿಕೆ ತಿರುವಿ ಲೂಚ್ಯಾನನ ಮೂಗಿನ ಹತ್ತಿರ ಹಿಡಿದ. ಲೂಚ್ಯಾನ್ ಮಗಳ ಮುಖ ನೋಡಲಿಲ್ಲ. ಇಡೀ ದಂಡು ಸಾಲಾಗಿ ನಿಂತಿತ್ತು. ಮೇಷ್ಟ್ರ ಮಗಳಾದರೂ ಒಂದೇ, ಬೀದಿಯವಳಾದರೂ ಒಂದೇ ಎಂದು ಲೂಚ್ಯಾನನೇ ಹೇಳಿದ, ಬಿಲ್ಲೆ ಕೊಡಲಿಲ್ಲ. ಇರ್ಮೀನಾ ತಿರುಗಿ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಅವಳು ಸ್ವಲ್ಪ ಹೊತ್ತು ಕಾದು, "ನಾನೇ ಹೊಲಿದಿದ್ದು" ಎಂದು ಹೇಳಿ, ಅದೇ ನಿಲುವಂಗಿಯಲ್ಲಿ ಬಸ್ ನಿಲ್ದಾಣದವರೆಗೆ ಎರಡು ಕಿಲೋಮೀಟರ್ ನಡೆದು ಹೋದಳು. ಕಾರುಗಳಲ್ಲಿ ಹೋಗುವವರು ಹಾರ್ನ್ ಹೊಡೆದು ನಗುತ್ತಿದ್ದರಂತೆ. ಮತ್ತೆ ಅವಳು ಬಿಡಾರದ ಕಡೆ ತಲೆ ಹಾಕಲಿಲ್ಲ. ಮರುವರ್ಷ ದೂರದ ಗ್ದಾನ್ಸ್ಕ್ ನಗರಕ್ಕೆ ಓದಲು ಹೋದವಳು ಅಲ್ಲೇ ಕೆಲಸ ಹಿಡಿದಳು. ಅಪ್ಪನ ಮಣ್ಣಿಗೆ ಬಂದಳು, ಹಿಂದಿನ ಸಾಲಿನಲ್ಲಿ ನಿಂತಳು, ಅದೇ ದಿನ ಹೊರಟುಹೋದಳು. ಅವಳನ್ನು ಆಚೆ ಹಾಕಿ ಈಗ ಹದಿನಾಲ್ಕು ವರ್ಷ.

ಆಸ್ಪತ್ರೆಯಲ್ಲಿ ಕೊನೆಯ ವಾರ ಲೂಚ್ಯಾನನ ಬಾಯಲ್ಲಿ ದೇವರ ಹೆಸರೂ ಬರಲಿಲ್ಲ, ಮಗಳ ಹೆಸರೂ ಬರಲಿಲ್ಲ. ನನ್ನ ಕೈ ಹಿಡಿದು, "ದಾರ ಒಳಗಡೆ ಇರ್ಬೇಕು ಬೊಗ್ನಾ. ಈ ಸಲ ಬಿಡಾರದಲ್ಲಿ ನೀನಾದ್ರೂ ಹೇಳ್ಬಿಡು" ಎಂದ. ಸಾಯುವವನ ಮೇಲೆ ಸಿಟ್ಟು ಮಾಡಬಾರದಂತೆ. ನಾನು ಮಾಡಿದೆ. ಬದುಕಿದ್ದಾಗ ಇಪ್ಪತ್ತಾರು ವರ್ಷ ಬಾಯಿಗೆ ಬೀಗ ಹಾಕಿಕೊಂಡು, ಮೇಷ್ಟ್ರು ಎಂದು ಕರೆಸಿಕೊಂಡು, ಮಗಳನ್ನು ಓಡಿಸಿ, ಹೋಗುವಾಗ ಕಸ ಗುಡಿಸುವ ಕೆಲಸ ನನ್ನ ತಲೆಗೆ ಕಟ್ಟಿ ಹೋಗುತ್ತೀಯಾ ಎಂದು ಬಾಯಿಬಿಟ್ಟೇ ಕೇಳಿದೆ. ಅವನು ಹೂಂ ಎಂದ.

ನಾನೊಂದು ಹೇಡಿ ಉಪಾಯ ಮಾಡಿದೆ. ಒಳಮಗ್ಗುಲಿಗೆ ದಾರವಿರುವ, ಕೆಸರಿನ ಮೆಟ್ಟಿನಂಥದೇ ಒಂದು ಜೊತೆ ನನ್ನ ಕಾಲಿಗೆ ಹೊಲಿದುಕೊಂಡೆ. ಅದನ್ನು ಹಾಕಿಕೊಂಡು ಬಿಡಾರದಲ್ಲಿ ಓಡಾಡಿದರೆ ಯಾರಾದರೂ ಕೇಳುತ್ತಾರೆ, ಮೆಲ್ಲಗೆ ಒಬ್ಬರಿಗೆ ಹೇಳಬಹುದು, ಅವರು ಇನ್ನೊಬ್ಬರಿಗೆ ಹೇಳುತ್ತಾರೆ, ನಾಲ್ಕೈದು ವರ್ಷದಲ್ಲಿ ಎಲ್ಲ ತಾನಾಗಿ ಸರಿಹೋಗುತ್ತದೆ, ಸತ್ತವನ ಹೆಸರೂ ಉಳಿಯುತ್ತದೆ ಎಂದು ಲೆಕ್ಕ ಹಾಕಿದೆ. ಮೆರವಣಿಗೆಗೆಂದು ಅವನ ಹಳೆಯ ಜೊತೆಯನ್ನು ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋದೆ.

ಪರೀಕ್ಷೆಯ ಬೆಳಿಗ್ಗೆ ಲಿಂಡನ್ ಮರದಡಿ ನಮ್ಮ ದಂಡಿನ ನಲವತ್ತೆರಡು ಜನ ಸಾಲು ನಿಂತಿದ್ದರು. ನನ್ನ ಮುಂದೆ ವಾಲೆಂತಿ. ಈ ಸಲ ಜೇಬಿನಲ್ಲಿ ಏನೂ ಇಲ್ಲ, ಬೇಕಾದರೆ ಹೊಟ್ಟೆಯನ್ನೂ ಮುಟ್ಟಿ ನೋಡಿ ಎಂದು ಅವನು ಎಲ್ಲರನ್ನೂ ನಗಿಸುತ್ತಿದ್ದ. ಮೇಜಿನ ಹಿಂದೆ ಈಗ ಸೆವೆರಿನ್. ಅವನ ಪಕ್ಕದಲ್ಲಿ ಕೆಂಪು ದಿಂಬು. ನಾನು ಬಟ್ಟೆ ಬಿಚ್ಚಿ ಲೂಚ್ಯಾನನ ಮೆಟ್ಟುಗಳನ್ನು ದಿಂಬಿನ ಮೇಲಿಟ್ಟೆ. ಸೆವೆರಿನ್ ಎದ್ದುನಿಂತು ಟೋಪಿ ತೆಗೆದ. ಸಾಲಿನವರೆಲ್ಲ ಟೋಪಿ ತೆಗೆದರು. 

ಆಮೇಲೆ ಅವನು ಕೂತು ನನ್ನನ್ನು ನೋಡತೊಡಗಿದ. ತಲೆವಸ್ತ್ರ ಸರಿ, ಅಂಗಿ ಸರಿ, ಸೊಂಟದ ಕತ್ತರಿ ಸರಿ. ಕಾಲಿಗೆ ಬಂದು ನಿಂತ. ಮೇಜು ಬಳಸಿ ಬಂದು ಮಂಡಿಯೂರಿ ನೋಡಿದ. ಎದ್ದಾಗ ಮುಖ ಕೆಂಪಗಾಗಿತ್ತು. ನೆಂಟನಲ್ಲದಿದ್ದರೂ ಹುಡುಗನಾಗಿದ್ದಾಗಿನಿಂದ ಅವನು ನನ್ನನ್ನು ಅತ್ತೆ ಎಂದೇ ಕರೆಯುವುದು.

"ಅತ್ತೆ, ಇದು ಯಾವ್ ಊರಿಂದು?"

"ಇದೇ ಊರಿಂದು."

"ನಮ್ಮೂರಿನ ಮೆಟ್ಟಿಗೆ ದಾರ ಹೊರಗಡೆ ಬರುತ್ತೆ ಅತ್ತೆ. ನಿಮಗೆ ನಾನು ಹೇಳ್ಕೊಡ್ಬೇಕಾ? ಬಲ ಕೊಡೋ ಹನ್ನೊಂದು ಹೊಲಿಗೆನೂ ಇಲ್ಲ. ಆಧಾರ ಎಲ್ಲಿದೆ?"

ಕಂದಕದಲ್ಲಿ ಸಿಕ್ಕಿದ್ದು ಹೀಗೇ ಇದೆ ಎಂದೆ. ಅವನು ಮೇಜಿನಿಂದ ಕಿರುಪುಸ್ತಕ ತೆಗೆದು, ಹಾಳೆ ಮಗುಚಿ, ನನ್ನ ಗಂಡನ ಕಾಲಿನ ಫೋಟೋವನ್ನು ನನಗೇ ತೋರಿಸಿದ. ಆ ಕಾಲನ್ನು ಹತ್ತು ವರ್ಷ ಎಣ್ಣೆ ಹಚ್ಚಿ ತಿಕ್ಕಿದವಳು ನಾನು. ಬೇರೆ ಯಾರಾದರೂ ಆಗಿದ್ದರೆ ಈಗಲೇ ಕಳಿಸುತ್ತಿದ್ದೆ, ನೀವಾದ್ದರಿಂದ ಸಂಜೆಯೊಳಗೆ ಬೇರೆ ಜೊತೆ ಹಾಕಿಕೊಂಡು ಬನ್ನಿ, ಇಲ್ಲದಿದ್ದರೆ ಬಿಲ್ಲೆ ಕೊಡಲಾರೆ ಎಂದ. ಕೊನೆಗೆ ದನಿ ಎತ್ತಿ, ಸಾಲಿಗೆಲ್ಲ ಕೇಳುವಂತೆ, "ಮೇಷ್ಟ್ರ ಹೆಂಡ್ತಿ ಆದ್ರೂ ಒಂದೇ, ಬೀದಿಯವರಾದ್ರೂ ಒಂದೇ" ಎಂದ.

ಅದೇ ಮಾತು, ಅದೇ ಮೇಜು. ನನ್ನ ಮೈಯೆಲ್ಲ ಉರಿದುಹೋಯಿತು. ಇವನ ಮೇಲೆ ಮಾತ್ರವಲ್ಲ. ಇವನಿಗೆ ಆ ಮಾತು ಕಲಿಸಿದವನ ಮೇಲೆ, ಅದನ್ನು ಕೇಳಿಯೂ ನೆಲ ನೋಡಿದ್ದ ನನ್ನ ಮೇಲೆ. ಸೊಂಟದಿಂದ ಕತ್ತರಿ ಎಳೆದೆ. ದಿಂಬಿನ ಮೇಲಿದ್ದ ಬಲಗಾಲಿನ ಮೆಟ್ಟನ್ನು ತೆಗೆದುಕೊಂಡು ಒಳಗಿನ ಆಡಿನ ಚರ್ಮವನ್ನು ಕಿತ್ತೆಸೆದು, ಒಂದೊಂದೇ ಹೊಲಿಗೆ ಕತ್ತರಿಸತೊಡಗಿದೆ.

ಸಾಲಿನಲ್ಲಿ ಯಾರೋ ಹೆಂಗಸು ಅಯ್ಯೋ ಎಂದಳು. ಬಾವುಟ ಹೊರುವ ತೆಕ್ಲಾ ಓಡಿಬಂದು ನನ್ನ ಮೊಣಕೈ ಹಿಡಿದಳು, ಅವಳನ್ನು ಕೊಡವಿದೆ. ದುಃಖಕ್ಕೆ ತಲೆಕೆಟ್ಟಿದೆ, ಕೂರಿಸಿ, ನೀರು ಕೊಡಿ ಎಂದು ಯಾರೋ ಹೇಳುತ್ತಿದ್ದರು. ನಾನು ಹನ್ನೊಂದನ್ನೂ ಕತ್ತರಿಸಿ, ಮಡಿಸಿದ್ದ ಅಂಚನ್ನು ಹೆಬ್ಬೆರಳಿನಿಂದ ಬಿಡಿಸಿದೆ. ಚರ್ಮ ಕಟಕಟ ಎಂದು ತೆರೆದುಕೊಂಡಿತು. ಈ ಕಡೆ ಮೂರು ತೂತು, ಆ ಕಡೆ ಮೂರು ತೂತು.

ಅದನ್ನು ಮೇಜಿನ ಮೇಲಿಟ್ಟೆ. ಎಲ್ಲರಿಗಿಂತ ಮೊದಲು ಅರ್ಥವಾಗಿದ್ದು ಸೆವೆರಿನ್‌ಗೆ. ಎಷ್ಟಾದರೂ ಕಣ್ಣಿರುವವನು. ಅವನು ಮಾಡಿದ್ದೇನು ಗೊತ್ತೇ? ಅಂಗೈ ಅಗಲಿಸಿ ಆ ತೂತುಗಳ ಮೇಲೆ ಮುಚ್ಚಿದ. ನನ್ನ ಕಡೆ ಬಗ್ಗಿ, ತುಟಿ ಅಲ್ಲಾಡದಂತೆ, "ಅತ್ತೆ, ಇದನ್ನ ಈಗ್ಲೇ ಹೊಲಿದ್ಬಿಡಿ. ನಿಮ್ಮ ಮೆಟ್ಟು ಪಾಸ್ ಮಾಡ್ತೀನಿ. ಮೇಷ್ಟ್ರ ಹೆಸರು ನೋಡಿ" ಎಂದ.

"ಕೈ ತೆಗಿ" ಎಂದೆ.

ತೆಗೆಯಲಿಲ್ಲ. ನಾನೇ ಅವನ ಬೆರಳು ಒಂದೊಂದಾಗಿ ಬಿಡಿಸಿದೆ. ಆ ಮೆಟ್ಟನ್ನು ಎತ್ತಿ ಹಿಡಿದು ಸಾಲಿನ ಕಡೆ ತಿರುಗಿದೆ. ಎಲ್ಲ ಹೇಳಿದೆ. ಸೊಂಟದ ಕೀಲು ಹೇಳಿದೆ, ಶನಿವಾರದ ಸಾರು ಹೇಳಿದೆ, ಓರೆ ಹೊಲಿಗೆ ಯಾಕೆ ಓರೆ ಎಂದು ಹೇಳಿದೆ. ನಿಮ್ಮ ನಲವತ್ತೆರಡು ಜನರ ಕಾಲಲ್ಲಿರುವುದು ಕಂದಕದ ಮೆಟ್ಟಲ್ಲ, ಚಾವಣಿಯಿಂದ ಬಿದ್ದ ಒಬ್ಬ ಕುಂಟನ ಮೆಟ್ಟು ಎಂದೆ. ಅದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು, ನನಗೂ ಗೊತ್ತಿತ್ತು ಎಂದೆ.

ವಾಲೆಂತಿ ಅಲ್ಲೇ ಹುಲ್ಲಿನ ಮೇಲೆ ಕೂತು ತನ್ನ ಕಾಲನ್ನು ಮಂಡಿಯ ಮೇಲೆಳೆದುಕೊಂಡು ಹೊಲಿಗೆಯನ್ನು ಬೆರಳಿನಿಂದ ಸವರುತ್ತಿದ್ದ. ಅವನ ಬಾಯಿಂದಲೂ ತಮಾಷೆ ಬರಲಿಲ್ಲ. ಸತ್ತವರು ಎದ್ದುಬಂದು ಉತ್ತರ ಹೇಳಲಾರರು ಎಂಬ ಧೈರ್ಯದ ಮೇಲೆ ಮಾತಾಡುತ್ತೀರಿ ಎಂದು ತೆಕ್ಲಾ ಕೂಗಿದಳು. ಹೌದು, ಎಂದೆ. ಬದುಕಿದ್ದಾಗ ಮಾತಾಡಬೇಕಿತ್ತು, ಆ ತಪ್ಪು ನನ್ನದು.

"ಈಗ ನಾನೇನ್ ಮಾಡ್ಲಿ?" ಎಂದು ಸೆವೆರಿನ್ ಕೇಳಿದ. ದನಿಯಲ್ಲಿ ಪರೀಕ್ಷಕ ಇರಲಿಲ್ಲ.

"ನಿನ್ ನಿಯಮ ಏನ್ ಹೇಳುತ್ತೋ ಅದನ್ನ ಮಾಡು. ಎಲ್ಲರ್ನೂ ಬಸ್ ನಿಲ್ದಾಣಕ್ಕೆ ನಡೆಸು. ಮೊದ್ಲು ನೀನು ಹೋಗು."

ಅವನು ತನ್ನ ಕಾಲು ನೋಡಿಕೊಂಡ. ಪಾಪ ಎನಿಸಬೇಕಿತ್ತು, ಎನಿಸಲಿಲ್ಲ. ಇನ್ನೊಂದು ಬಾಕಿಯಿತ್ತು. ಇರ್ಮೀನಾ ನೆನಪಿದೆಯಾ ಎಂದು ಕೇಳಿದೆ. ಹಿಂದೆ ನಿಂತಿದ್ದ ಹೊಸಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಳಬರು ಹುಲ್ಲು ನೋಡಿದರು. ಅವರೂ ನನ್ನ ಹಾಗೆಯೇ ನೆಲ ನೋಡುವುದರಲ್ಲಿ ಪಳಗಿದವರು.

"ಆ ನೀಲಿ ಅಂಗಿ ಮಡಿಕೇನ ಯಂತ್ರದಲ್ಲಿ ಹೊಲಿದೋಳು ನಾನು" ಎಂದೆ. "ನನ್ನ ಮಗಳಲ್ಲ, ನಾನು. ಅವ್ಳು ನನ್ನ ಮುಖ ನೋಡಿದ್ಳು, ನಾನು ಸುಮ್ನಿದ್ದೆ. ನೀವು ಒಂದು ಮೊಳ ಹೊಲಿಗೆಗೆ ಆಚೆ ಹಾಕಿದ್ದು ಇಡೀ ಬಿಡಾರದಲ್ಲಿ ಸುಳ್ಳು ತೊಡದೇ ಇದ್ದ ಒಬ್ಳೇ ಹುಡುಗೀನ. ಅವ್ಳು ಕಾಲಿಗೂ ಆ ಮೆಟ್ಟು ಹಾಕಿರ್ಲಿಲ್ಲ, ಬರಿಗಾಲಲ್ಲಿದ್ಳು."

ಬಿಚ್ಚಿದ ಮೆಟ್ಟನ್ನು ದಿಂಬಿನ ಮೇಲೆ, ತೂತು ಮೇಲೆ ಕಾಣುವಂತೆ ಇಟ್ಟೆ. ಸೆವೆರಿನ್ ಏನು ಯೋಚಿಸಿದನೋ, ಒಂದು ಸೀಸದ ಬಿಲ್ಲೆ ತೆಗೆದು ನನ್ನ ಕಡೆ ಚಾಚಿದ. ಅದು ನನಗೆ ಬೇಕಿರಲಿಲ್ಲ. ಬೇಲಿ ದಾಟಿ ಟಾರು ರಸ್ತೆಗೆ ಬಂದೆ.

ಎರಡು ಕಿಲೋಮೀಟರ್. ಮೆಟ್ಟಿನಡಿಯ ತೆಳು ತೊಗಲಿನ ಮೂಲಕ ಪ್ರತಿ ಜಲ್ಲಿಕಲ್ಲೂ ಪಾದಕ್ಕೆ ತಾಗುತ್ತಿತ್ತು. ಒಂದು ಕಾರಿನವರು ಹಾರ್ನ್ ಹೊಡೆದರು. ಅವಳು ಇಲ್ಲಿ ಬರಿಗಾಲಲ್ಲಿ ನಡೆದಿದ್ದಳು ಎಂದರೆ ಏನೆಂದು ಆಗ ಅರ್ಥವಾಯಿತು. ಹದಿನಾಲ್ಕು ವರ್ಷದಲ್ಲಿ ಆ ಕಲ್ಲುಗಳ ಬಗ್ಗೆ ನಾನು ಒಮ್ಮೆಯೂ ಯೋಚಿಸಿರಲಿಲ್ಲ. ನನ್ನ ಮೇಲೇ ಅಸಹ್ಯ ಹುಟ್ಟಿತು.

ನಿಲ್ದಾಣದ ಬೆಂಚಿನ ಮೇಲೆ ಕೂತು ಚೀಲದಿಂದ ಫೋನ್ ತೆಗೆದು ಇರ್ಮೀನಾಗೆ ಮಾಡಿದೆ. ಕೆಲಸದಲ್ಲಿದ್ದಳು, ಏನಮ್ಮ ಬೇಗ ಹೇಳು ಎಂದಳು. ಮಡಿಕೆ ಹೊಲಿದವಳು ನಾನು ಎಂದು ಎಲ್ಲರ ಮುಂದೆ ಹೇಳಿ ಬಂದೆ ಎಂದೆ. ಆ ಕಡೆ ಕುರ್ಚಿ ಸರಿಯಿತು. ಒಂದು ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

"ಅಪ್ಪ ಇದ್ದಾಗ ಹೇಳ್ಬೇಕಿತ್ತು."

"ಹೌದು."

"ನಾನು ಅಲ್ಲಿ ನಿಂತು ಕಾದೆ ಅಮ್ಮ. ಈಗ ಹೇಳ್ತಾಳೆ, ಈಗ ಹೇಳ್ತಾಳೆ ಅಂತ ಕಾದೆ. ಬಸ್ಸು ಬರೋವರೆಗೂ ರಸ್ತೆ ನೋಡ್ತಾ ಕಾದೆ, ಓಡಿ ಬರ್ತಾಳೆ ಅಂತ."

ಅವಳು ಫೋನ್ ಇಟ್ಟುಬಿಡುತ್ತಾಳೆ ಎಂದುಕೊಂಡೆ. ಇಡಲಿಲ್ಲ.

"ಯಾರ್ಯಾರು ಇದ್ರು?" ಎಂದು ಕೇಳಿದಳು.

"ದಂಡಿನವ್ರೆಲ್ಲ ಇದ್ರು."

"ಎಲ್ಲ ಅನ್ಬೇಡ. ಒಬ್ಬೊಬ್ರ ಹೆಸರು ಹೇಳು. ಅವತ್ತು ನನ್ನ ನೋಡಿದೋರು ಯಾರು, ಇವತ್ತು ನಿನ್ನ ಮಾತು ಕೇಳಿದೋರು ಯಾರು, ನಂಗೆ ಹೆಸರು ಬೇಕು."

ಬಸ್ಸು ಬಂದು ನಿಂತಿತು. ಚಾಲಕ ನನ್ನ ವೇಷ ನೋಡಿ ನಕ್ಕು ಬಾಗಿಲು ತೆರೆದ. ಹೋಗೆಂದು ಕೈಸನ್ನೆ ಮಾಡಿದೆ. ಸೆವೆರಿನ್ ಎಂದೆ. ವಾಲೆಂತಿ, ತೆಕ್ಲಾ, ತೆಕ್ಲಾಳ ಗಂಡ ಇಗ್ನಾತ್ಸಿ. ಪ್ರತಿ ಹೆಸರಿಗೂ ಅವಳು ಹೂಂ ಎನ್ನುತ್ತಿದ್ದಳು, ಬರೆದುಕೊಳ್ಳುತ್ತಿದ್ದಳೋ ಏನೋ, ಒಂದೊಂದು ಹೂಂಗೂ ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ನಾನು ಅವಸರ ಮಾಡಲಿಲ್ಲ. ಹನ್ನೆರಡನೆಯ ಹೆಸರಿಗೆ ಅವಳ ದನಿ ಒಡೆಯಿತು. ನಿಲ್ಲಿಸಲೇ ಎಂದೆ. ಬೇಡ, ಮುಂದೆ ಹೇಳು ಎಂದಳು. ಇನ್ನೂ ಮೂವತ್ತು ಬಾಕಿಯಿತ್ತು, ಹೇಳುತ್ತ ಹೋದೆ.